ಸುರ್ಮಯಿ ದೋಣಿಯಲ್ಲಿ ಒಂದು ತಾಸು ಹದಿನೈದು ನಿಮಿಷ

ಹಿಡಕಲ್ ಹಿನ್ನೀರಿನಲ್ಲಿ ನಮ್ಮ ಮಶಿನ್ ದೋಣಿ ಹೋಗುವಾಗ ಇಬ್ಬರ ಕೆಲಸ ಮುಖ್ಯ: ಹಿಂದೆ ಚುಕ್ಕಾಣಿ ಹಿಡಿದವರದು, ಮುಂದೆ ಮೂತಿಯ ಮೇಲೆ ಕುಳಿತು ನೀರು ನೋಡುವವರದು. ಅಣೆಕಟ್ಟು ಕಟ್ಟಿದಾಗ ಮುಳುಗಿದ ಗಿಡಗಳ ಬೊಡ್ಡೆಗಳು ಇನ್ನೂ ಕೆಳಗೆ ನಿಂತಿವೆ. ನೀರು ಇಳಿದಂತೆ ಅವು ಮೇಲಕ್ಕೆ ಬರುತ್ತವೆ. ಮುಂದಿನವರು "ಬೊಡ್ಡಿ, ಎಡಕ್ಕ" ಎಂದರೆ ಹಿಂದಿನವರು ಯಾಕೆಂದು ಕೇಳದೆ ತಿರುಗಿಸಬೇಕು. ಗೋಕಾಕದ ಕಾಲೇಜು ಮುಗಿಸಿದಾಗಿನಿಂದ, ಮೂರು ವರ್ಷ, ಕಾಕಾ ಹಿಂದೆ ಮತ್ತು ನಾನು ಮುಂದೆ. ಗಾಳ ಹಾಕುವ ಆಸೆಯ ಕುಟುಂಬಗಳು ಒಂದು ದಿನದ ಮಟ್ಟಿಗೆ ನಮ್ಮ ದೋಣಿ ಗೊತ್ತು ಮಾಡಿಕೊಂಡು ಬರುತ್ತವೆ. ಗಾಳ ಕಟ್ಟುವುದು, ಕೋಲು ಹಿಡಿಯಲು ಕಲಿಸುವುದು, ವಹಿ ಬರೆಯುವುದು ನನ್ನ ಪಾಲು.

ವಹಿಯಲ್ಲಿ ತಾರೀಖು, ಗಾಳಿ, ನೀರಿನ ಮಟ್ಟ, ಎಷ್ಟು ಹೊತ್ತಿಗೆ ಯಾರ ದಾರಕ್ಕೆ ಏನು ಕಚ್ಚಿತು ಎಂಬುದೆಲ್ಲ ಇರುತ್ತದೆ. ಕಾಕಾನ ಬಲಗಣ್ಣಿಗೆ ಪೊರೆ ಬಂದಿದೆ, ಎಡಗಣ್ಣೂ ಸಣ್ಣ ಅಕ್ಷರ ಒಪ್ಪುವುದಿಲ್ಲ. ಹೀಗಾಗಿ ಸಂಜೆ ದೋಣಿ ಕಟ್ಟಿದ ಮೇಲೆ ನಾನು ಅಂದಿನ ಪುಟವನ್ನು ಗಟ್ಟಿಯಾಗಿ ಓದಬೇಕು. ಓದಿ ಮುಗಿಯುವ ತನಕ ದೋಣಿಯವರು ಯಾರೂ ಮೇಲೆ ಹತ್ತುವಂತಿಲ್ಲ. ಅದು ಅವನ ಕ್ರಮ. ಧುಪದಾಳದ ಒಡ್ಡಿನ ಕೆಳಗೆ ಅವನು ಬಲೆ ಬೀಸುತ್ತಿದ್ದ ಕಾಲದಲ್ಲಿ ವಹಿ ಇರಲಿಲ್ಲ, ಬಾಯಿಲೆ ಹೇಳುತ್ತಿದ್ದರಂತೆ.

ದಸರೆಯ ಮರುದಿನ ಕಾಕಾ ನನಗೆ ಹೇಳಿದ್ದ: "ನನ್ನ ಕಣ್ಣ ಇನ್ನ ಸಾಕ ಅಂತೈತಿ. ಸಂಕ್ರಾಂತಿ ಆದಮ್ಯಾಗ ಚುಕ್ಕಾಣಿ ನಿನಗ ನೋಡ ಯವ್ವಾ." ನಾನು ಅದನ್ನು ವಹಿಯಲ್ಲಿ ಬರೆದುಕೊಂಡೆ. ಹೊತ್ತನ್ನೂ ಬರೆದೆ.

ದೀಪಾವಳಿಗೆ ಕಾಕಾನ ಮಗಳು ಗಂಡನನ್ನು ಕರೆದುಕೊಂಡು ಬಂದು ಇಲ್ಲೇ ನಿಂತಳು. ಅವಳು ನನಗಿಂತ ದೊಡ್ಡವಳು, ಆದ್ದರಿಂದ ಅವನನ್ನು ನಾನು ದಾಜಿ ಎನ್ನುತ್ತೇನೆ. ದಾಜಿ ಕೊಂಕಣದ ಸಮುದ್ರದಲ್ಲಿ ಎಂಟು ವರ್ಷ ದೋಣಿ ಓಡಿಸಿದವನು. ಮೊದಲ ದಿನವೇ ಮಶಿನ್ನಿನ ಕೆಮ್ಮು ಕೇಳಿ, ಪೆಟ್ರೋಲ್ ನಳಿಗೆ ಬಿಚ್ಚಿ ಊದಿ, ಕೆಮ್ಮು ನಿಲ್ಲಿಸಿದ. ಅದೇ ಮಶಿನ್ನಿನ ಜೊತೆ ನಾನು ಎರಡು ತಿಂಗಳು ಗುದ್ದಾಡಿದ್ದೆ. "ನಮ್ಮ ಅಳಿಯಾ ಕೈ ಹಚ್ಚಿದ್ರ ಮುಗೀತು," ಎಂದ ಕಾಕಾ. ಅಂದಿನಿಂದ ವಹಿಯ ಕೊನೆಯ ಪುಟದಲ್ಲಿ ಇನ್ನೊಂದು ಎಣಿಕೆ ಶುರುವಾಯಿತು. ಕಾಕಾ "ನಮ್ಮ ಅಳಿಯ" ಎಂದಾಗಲೆಲ್ಲ ಒಂದು ಗೆರೆ. ಮೊದಲ ವಾರ ಐವತ್ತೆರಡು ಗೆರೆ ಬಿದ್ದವು. ಅದೇ ವಾರ ಸಂಕ್ರಾಂತಿಯ ಮಾತು ಒಮ್ಮೆಯೂ ಬರಲಿಲ್ಲ.

ಮೂಡಲಗಿಯಲ್ಲಿ ಸುಟ್ಟ ಮೋಟಾರಿಗೆ ತಂತಿ ಸುತ್ತುವ ಅಂಗಡಿ ಇಟ್ಟವರೊಬ್ಬರು ನಮ್ಮ ಹಳೆಯ ಗಿರಾಕಿ. ಹೆಂಡತಿ, ಕಾಲೇಜು ಓದುವ ಮಗಳು ಮತ್ತು ತಾಯಿಯನ್ನು ಕರೆದುಕೊಂಡು ಬರುತ್ತಾರೆ. ತಾಯಿಯನ್ನು ಮೊಮ್ಮಗಳಂತೆ ನಾವೂ ದಾದಿ ಎನ್ನುತ್ತೇವೆ. ವಹಿಯ ಪ್ರಕಾರ ಅವರು ನಮ್ಮ ದೋಣಿಗೆ ಬಂದದ್ದು ಒಂಬತ್ತು ಸಲ. ಅಂಗಡಿ ಮಾಲಕರಿಗೆ ಹದಿನಾಲ್ಕು ಮೀನು, ಹೆಂಡತಿಗೆ ಆರು, ಮಗಳಿಗೆ ಹನ್ನೊಂದು. ದಾದಿಗೆ ಒಂದೂ ಇಲ್ಲ. ದಾದಿ ಕೋಲು ಹಿಡಿದು ನಿದ್ದೆ ಮಾಡುತ್ತಾರೆ.

ಹತ್ತನೆಯ ಸಲ ಬಂದಾಗ ದಾಜಿ ಸಮುದ್ರದ ಸುದ್ದಿ ತೆಗೆದ. ಸುರ್ಮಯಿ ಮೀನು ಹೇಗೆ ನೀರು ಬಿಟ್ಟು ಆಳೆತ್ತರ ಹಾರುತ್ತದೆ, ಹೇಗೆ ಹಲ್ಲಿನಿಂದ ಕತ್ತರಿಯಂತೆ ಕತ್ತರಿಸುತ್ತದೆ ಎಂದೆಲ್ಲ. ದಾದಿ ಎಚ್ಚರಾಗಿಯೇ ಇದ್ದರು.

"ಗೋಕಾಕ ಬಜಾರದಾಗ ಸುರ್ಮಯಿ ತುಕಡೀನ ನೋಡೇನಿ ನಾ. ಅದರ ತಲಿ ಹೆಂಗ ಇರತೈತಿ?"

"ಬರ್ರಿ ದಾದಿ, ತೋರಸ್ತೀನಿ," ಎಂದ ದಾಜಿ. ಅಷ್ಟಕ್ಕೇ ಎಲ್ಲ ನಿಶ್ಚಯವಾಗಿಹೋಯಿತು. ಡಿಸೆಂಬರ್ ಮೊದಲ ಶನಿವಾರ ಹೊರಡುವುದು, ರವಿವಾರ ಸಮುದ್ರ. ದಾಜಿಯ ಮಾಮನ ಫೈಬರ್ ದೋಣಿ. ದಾಜಿ ಚುಕ್ಕಾಣಿಗೆ, ನಾನು ಗಾಳಕ್ಕೆ, ಕಾಕಾ ನೋಡಲು. ಆ ರಾತ್ರಿ ಊಟಕ್ಕೆ ಕುಳಿತಾಗ ಕಾಕಾ ತಾಟು ನೋಡುತ್ತ ಹೇಳಿದ: "ಸಮುದ್ರಕ್ಕ ಹೋಗಿ ಬರೂಣು, ನಿಮ್ಮಿಬ್ಬರ ಕೆಲಸಾ ನೋಡತೀನಿ. ಆಮ್ಯಾಲ ಚುಕ್ಕಾಣಿ ಯಾರಿಗಂತ ಹೇಳತೀನಿ."

ಕೊಟ್ಟ ಮಾತು ಹೀಗೆ ಪರೀಕ್ಷೆಯಾಯಿತು.

ಎರಡು ವಾರ ತಯಾರಿ ನಡೆಯಿತು. ಸುರ್ಮಯಿಯ ಹಲ್ಲಿಗೆ ನೈಲಾನ್ ದಾರ ನಿಲ್ಲುವುದಿಲ್ಲ. ಗಾಳದ ಹತ್ತಿರದ ಒಂದು ಮೊಳ ಉಕ್ಕಿನ ತಂತಿಯೇ ಆಗಬೇಕು. ತಂತಿ ಎಂದ ಕೂಡಲೆ ಮಾಲಕರು ಮೂಡಲಗಿಯಿಂದ ಒಂದು ಸುರುಳಿ ತಾಮ್ರದ ತಂತಿ ಕಳಿಸಿದರು. ನಾನು ಫೋನು ಹಚ್ಚಿ, "ಇದು ಮೋಟಾರಿಗೆ ಸರಿ ರೀ, ಮೀನಿಗೆ ಮೆತ್ತಗ ಆಗತೈತಿ," ಎಂದು ನಕ್ಕೆ. ದಾಜಿ ನಗಲಿಲ್ಲ. ಸುರುಳಿ ಬೆರಳಲ್ಲಿ ತಿರುಗಿಸಿ ನೋಡಿ, "ಭಾರಿ ಆತು. ಬಾಂಗಡೆ ಬಾಯಿ ಕಟ್ಟಾಕ ಇದ ಬೇಕಾಗಿತ್ತು," ಎಂದ. ಸತ್ತ ಬಾಂಗಡೆ ಮೀನನ್ನು ಗಾಳಕ್ಕೆ ಸಿಕ್ಕಿಸಿ ಎಳೆಯುವಾಗ ಅದರ ಬಾಯಿ ತೆರೆದರೆ ನೀರು ತುಂಬಿ ಗಿರಗಿರ ತಿರುಗುತ್ತದಂತೆ, ತಿರುಗುವ ಬಾಂಗಡೆಯನ್ನು ಸುರ್ಮಯಿ ಮುಟ್ಟುವುದಿಲ್ಲವಂತೆ. ಅಂದು ಕೊನೆಯ ಪುಟದಲ್ಲಿ ಹನ್ನೊಂದು ಗೆರೆ.

ಉಕ್ಕಿನ ತಂತಿಯನ್ನು ಗಾಳದ ಕಣ್ಣಿಗೆ ಹಾಕಿ ಎರಡೂ ಎಳೆಗಳನ್ನು ಒಂದಕ್ಕೊಂದು ಸಮ ಹೆಣೆಯಬೇಕು, ಮೂರೂವರೆ ಸುತ್ತು. ಆಮೇಲೆ ಒಂದೇ ಎಳೆಯನ್ನು ಬಿಗಿಯಾಗಿ ಐದು ಸುತ್ತು. ಉಳಿದ ತುದಿಯನ್ನು ಕತ್ತರಿಸದೆ, ಮಡಿಚಿ ಹಿಂದೆ ಮುಂದೆ ಆಡಿಸಿ ಮುರಿಯಬೇಕು. ಕತ್ತರಿಸಿದ ತುದಿ ಕೈ ಕೊಯ್ಯುತ್ತದೆ. ನಾನು ಇಪ್ಪತ್ತನಾಲ್ಕು ಕಟ್ಟಿದೆ. ದಾಜಿ ಎರಡನ್ನು ಸರಿಯಿಲ್ಲವೆಂದು ಬದಿಗಿಟ್ಟ. ಅವನು ಆರು ಕಟ್ಟಿದ. ಅವನಿಲ್ಲದಾಗ ಆರನ್ನೂ ಬೆಳಕಿಗೆ ಹಿಡಿದು ನೋಡಿದೆ. ಒಂದರಲ್ಲೂ ತಪ್ಪು ಸಿಗಲಿಲ್ಲ. ಒಂದಾದರೂ ಸಿಗಲಿ ಎಂದು ಎರಡನೆಯ ಸಲವೂ ನೋಡಿದೆ.

ಶನಿವಾರ ಸಂಕೇಶ್ವರದ ಮೇಲಿಂದ ಅಂಬೋಲಿ ಘಟ್ಟ ಇಳಿದು ಸಂಜೆ ಬಂದರಿಗೆ ಮುಟ್ಟಿದೆವು. ಅಲ್ಲಿ ಎಲ್ಲರಿಗೂ ದಾಜಿ ಗೊತ್ತು. ಹಿಡಕಲ್ಲಿನಲ್ಲಿ ನನ್ನನ್ನು ಕೇಳಿ ಬರುವವರಿದ್ದಾರೆ; ಇಲ್ಲಿ ನಾನು ಚೀಲ ಹೊರುವವಳು. ಕಾಕಾ ಬಂದರಿನಲ್ಲಿ ಸಿಕ್ಕವರಿಗೆಲ್ಲ ಅಳಿಯನನ್ನು ಪರಿಚಯ ಮಾಡಿಸಿದ, ಅವರೇ ಅವನಿಗೆ ದೋಣಿ ಕಲಿಸಿದವರು ಎಂಬುದನ್ನು ಮರೆತು. ನನ್ನ ಗುರುತು ಒಬ್ಬರಿಗೆ ಹೇಳಿದ: "ಈಕಿ ನಮ್ಮ ಅಣ್ಣನ ಮಗಳು, ಲೆಕ್ಕಾ ಬರಿತಾಳ."

ರವಿವಾರ 6:15ಕ್ಕೆ ಹೊರಟೆವು. ಒಟ್ಟು ಏಳು ಜನ, ಎಲ್ಲರ ಮೈಗೂ ತೇಲುವ ಜಾಕೀಟು. ರೊಟ್ಟಿ, ಶೇಂಗಾ ಚಟ್ನಿ, ದಾದಿಯ ನಿಂಬೆಹಣ್ಣಿನ ಡಬ್ಬಿ. ಒಂದು ತಾಸು ಹೋದ ಮೇಲೆ ದಂಡೆ ಗೆರೆಯಂತೆ ಉಳಿಯಿತು. ನೀರಿನಿಂದ ತಲೆ ಎತ್ತಿದ ಒಂದು ಕರಿ ಬಂಡೆಯ ಹತ್ತಿರ ದಾಜಿ ವೇಗ ಇಳಿಸಿದ. ನಾಲ್ಕು ಕೋಲು, ಎಡಕ್ಕೆ ಎರಡು, ಬಲಕ್ಕೆ ಎರಡು. ದಾರ ಎಷ್ಟು ಬಿಗಿಗೆ ಜಾರಬೇಕು ಎಂಬುದನ್ನು ನಾನು ಮೀನು ತೂಗುವ ಸ್ಪ್ರಿಂಗ್ ಕಾಂಟಾಕ್ಕೆ ಕಟ್ಟಿ ಎಳೆದು ಮೂರು ಕಿಲೋಕ್ಕೆ ನಿಲ್ಲಿಸಿದೆ. ದಾಜಿ ಕೈಯಿಂದ ಎಳೆದು ನೋಡಿ, "ಬರೋಬರಿ ಐತಿ," ಎಂದ. ಅಷ್ಟೇ ಮಾತು ಕಾಕಾ ಹೇಳಲಿ ಎಂದು ಕಾದೆ. ಕಾಕಾ ಬಂಡೆ ನೋಡುತ್ತಿದ್ದ.

7:50ಕ್ಕೆ ದೋಣಿ ಎಡಕ್ಕೆ ತಿರುಗುವಾಗ ಎಡಗಡೆಯ ಹಿಂದಿನ ಕೋಲು ಬಾಗಿ ರೀಲು ಕಿರುಗುಟ್ಟಿತು. ಹಿಡಕಲ್ಲಿನಲ್ಲಿ ಮೀನು ಕಚ್ಚಿದರೆ ಮೊದಲ ಕೆಲಸ ಮಶಿನ್ ನಿಲ್ಲಿಸುವುದು, ಇಲ್ಲದಿದ್ದರೆ ದಾರ ಬೊಡ್ಡೆಗೆ ಸುತ್ತುತ್ತದೆ. ಆ ಪಾಠ ಕಾಕಾನಿಗೆ, ನನಗೆ, ಮೂಡಲಗಿಯ ಆ ನಾಲ್ವರಿಗೂ ಬಾಯಿಪಾಠ.

"ಮಶಿನ್ ಬಂದ್ ಮಾಡು," ಎಂದ ಕಾಕಾ. ಮಾಲಕರೂ ಅವರ ಹೆಂಡತಿಯೂ ಕೂಡಿಯೇ ಅಂದರು.

ಇಲ್ಲಿ ಬೊಡ್ಡೆ ಇಲ್ಲ, ದೋಣಿ ನಿಂತರೆ ದಾರ ಸಡಿಲಾಗುತ್ತದೆ ಎಂಬುದು ದಾಜಿಗೆ ಗೊತ್ತಿತ್ತು. ಆದರೆ ಮಾವ ಹೇಳಿದ್ದು. ಅವನ ಕೈ ಒಂದು ಕ್ಷಣ ತಡೆದು ಮಶಿನ್ ನಿಲ್ಲಿಸಿತು. ದಾರ ಜೋತು ಬಿತ್ತು. ಮೀನು ಹೋಯಿತು.

"ನಂದ ತಪ್ಪ ಮಾವಾ," ಎಂದ ದಾಜಿ. "ಮೊದಲ ಹೇಳಬೇಕಾಗಿತ್ತು. ಸಮುದ್ರದಾಗ ಮಶಿನ್ ನಿಲ್ಲಿಸೂದಿಲ್ಲ."

ತಪ್ಪು ಕಾಕಾನದು ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಅದನ್ನು ತನ್ನ ಮೇಲೆ ಹಾಕಿಕೊಂಡ ರೀತಿ ಕಂಡು ನನಗೆ ಹೊಟ್ಟೆಯಲ್ಲಿ ಕಿಚ್ಚು ಇಟ್ಟಂತಾಯಿತು. ನಾನಾಗಿದ್ದರೆ, "ನೀನ ಹೇಳಿದೆಲ್ಲಾ ಕಾಕಾ," ಅನ್ನುತ್ತಿದ್ದೆ.

8:35ಕ್ಕೆ ಬಲಗಡೆ ಒಮ್ಮೆ ಜಗ್ಗಿತು. ದಾರ ಎಳೆದುಕೊಂಡರೆ ಬಾಂಗಡೆಯ ಅರ್ಧ ಭಾಗ ಇಲ್ಲ. ಈಳಿಗೆಯಲ್ಲಿ ಕೊಯ್ದಷ್ಟು ಸಾಫು. ದಾದಿ ಅದನ್ನು ಕೈಯಲ್ಲಿ ಹಿಡಿದು ನೋಡಿ, "ಬಾಲ ಅದು ತಿಂತು, ತಲಿ ನಮಗ ಬಿಡ್ತು," ಎಂದರು. ಹಿಂದೆ ಇನ್ನೊಂದು ಗಾಳ ಬೇಕೆಂದು ದಾಜಿ ಹೇಳುವುದಕ್ಕಿಂತ ಮೊದಲೇ ನಾನು ತಂತಿ ತೆಗೆದಿದ್ದೆ. ಮೊದಲ ಗಾಳದ ಕಣ್ಣಿನಿಂದ ಗೇಣುದ್ದದ ತಂತಿ, ಅದರ ತುದಿಗೆ ಮೂರು ಮುಳ್ಳಿನ ಗಾಳ, ಅದು ಬಾಂಗಡೆಯ ಬಾಲದ ಹತ್ತಿರ. ಓಲಾಡುವ ದೋಣಿಯಲ್ಲಿ ನಾಲ್ಕೂ ಕೋಲಿಗೆ ಕಟ್ಟಲು ಇಪ್ಪತ್ತೆರಡು ನಿಮಿಷ ಹಿಡಿಯಿತು. ಮಾಲಕರ ಮಗಳು ಮಾತ್ರ, "ಅಕ್ಕಾ, ನಿಮ್ಮ ಕೈ ನಡಗೂದ ಇಲ್ಲಲ್ರಿ," ಎಂದಳು.

9:40ಕ್ಕೆ ಮತ್ತೆ ಎಡಗಡೆ. ಮಾಲಕರು ಕೋಲು ಹಿಡಿದು ಐದಾರು ಸುತ್ತು ಸುತ್ತಿದರು. ಹಿಂದೆ ನೀರಿನಲ್ಲಿ ಬೆಳ್ಳಿಯ ಹೊಳಪು ಒಮ್ಮೆ ಕಂಡು ಗಾಳ ಕಳಚಿತು.

ನಾನು ವಹಿಯಲ್ಲಿ ಹೊತ್ತು ಬರೆದೆ. ಬರೆಯುವಾಗ ಮೇಲಿನ ಎರಡು ಸಾಲಿನ ಮೇಲೆ ಕಣ್ಣು ಹೋಯಿತು. ಮೊದಲನೆಯದು ಎಡಗಡೆ, ದೋಣಿ ಎಡಕ್ಕೆ ತಿರುಗುವಾಗ. ಎರಡನೆಯದು ಬಲಗಡೆ, ಬಲಕ್ಕೆ ತಿರುಗುವಾಗ. ಈಗಿನದು ಎಡಗಡೆ, ಎಡಕ್ಕೆ ತಿರುಗುವಾಗ. ಹಿನ್ನೀರಿನಲ್ಲಿ ವಾಳೆ ಮೀನಿಗೆ ದಾರ ಎಳೆಯುವಾಗ ನಾನು ಇದನ್ನು ಕಂಡಿದ್ದೇನೆ. ದೋಣಿ ತಿರುಗಿದಾಗ ಒಳಬದಿಯ ದಾರ ನಿಧಾನವಾಗುತ್ತದೆ, ಅದಕ್ಕೆ ಸಿಕ್ಕಿಸಿದ ಎರೆಯ ಮೀನು ಕೆಳಗೆ ಇಳಿಯುತ್ತದೆ. ಅಂದರೆ ಸುರ್ಮಯಿ ಇವತ್ತು ಮೇಲೆ ಇಲ್ಲ, ಎರಡಾಳು ಕೆಳಗಿದೆ. ನೇರ ಹೋದರೆ ಸಿಗುವುದಿಲ್ಲ. ಹಾವಿನಂತೆ ಹೊರಳುತ್ತ ಹೋಗಬೇಕು. "9:40. ಮೂರೂ ತಿರುವಿನ ಒಳಬದಿ. ಮೀನು ಕೆಳಗಿದೆ," ಎಂದು ಬರೆದು ಅಡಿಗೆರೆ ಎಳೆದೆ.

ತಲೆ ಎತ್ತಿದಾಗ ದಾಜಿ ದೂರದ ಹಕ್ಕಿಗಳ ಗುಂಪು ತೋರಿಸುತ್ತಿದ್ದ. "ಹಕ್ಕಿ ಇದ್ದಲ್ಲಿ ಮೀನ ಇರತಾವ ಮಾವಾ." ಕಾಕಾ ಮಾಲಕರಿಗೆ ಹೇಳಿದ: "ನಮ್ಮ ಅಳಿಯಾಗ ಹಕ್ಕೀ ಭಾಷಾನೂ ತಿಳಿತೈತಿ ನೋಡ್ರಿ."

ನಾನು ವಹಿ ಮುಚ್ಚಿದೆ.

ದೋಣಿ ಹಕ್ಕಿಗಳತ್ತ ನೇರ ಹೊರಟಿತು. ಹಕ್ಕಿಗಳು ಎದ್ದು ಮತ್ತೊಂದು ಕಡೆ ಕೂತವು. ನಾವು ಅಲ್ಲಿಗೂ ನೇರ ಹೋದೆವು. ಹತ್ತಾಯಿತು. ಯಾವ ಕೋಲೂ ಅಲುಗಲಿಲ್ಲ. ನಾನು ಗಾಳ ನೋಡಿದೆ, ಬಾಂಗಡೆ ಬದಲಿಸಿದೆ, ತಾಮ್ರದ ತಂತಿ ಬಿಗಿದೆ. ನನ್ನ ಕೆಲಸದಲ್ಲಿ ಕೊರತೆ ಇರಲಿಲ್ಲ. ಮೀನು ಸಿಗದಿದ್ದರೆ ಅದು ಚುಕ್ಕಾಣಿಯವನ ಸೋಲು ಎಂದು ಲೆಕ್ಕ ಹಾಕಿದೆ. ಹತ್ತೂಕಾಲಿಗೆ ದಾಜಿಯ ಮುಖ ಬಾಡತೊಡಗಿತು. ಅದನ್ನು ನೋಡಲು ನನಗೆ ಹಿತವೆನಿಸಿತು. ಇದನ್ನೂ ಬರೆಯಬೇಕು, ಆದ್ದರಿಂದ ಬರೆಯುತ್ತಿದ್ದೇನೆ.

ಹತ್ತೂವರೆಗೆ ದಾದಿ ವಾಂತಿ ಮಾಡಿದರು. ಸೊಸೆ ಬೆನ್ನು ತಿಕ್ಕಿದಳು, ಮೊಮ್ಮಗಳು ನಿಂಬೆಹಣ್ಣು ಮೂಸಿಸಿದಳು. ದೋಣಿಯ ತಳದಲ್ಲಿ ಚೀಲಗಳ ಮೇಲೆ ಮಲಗಿಸಿದರು. ಮತ್ತೆರಡು ಸಲ ಆಯಿತು. ಸ್ವಲ್ಪ ಹೊತ್ತಿನ ಮೇಲೆ ಅವರು ಕಣ್ಣು ಮುಚ್ಚಿಕೊಂಡೇ ಮಗನಿಗೆ, "ನಡೀರಪ್ಪಾ ಇನ್ನ. ತಲಿ ಬಜಾರದಾಗ ಇಡಾಕ ಹೇಳ್ತೀನಿ, ಅಲ್ಲೆ ನೋಡ್ತೀನಿ," ಎಂದರು.

ಅವರ ಕಾಲು ನನ್ನ ಮೊಣಕಾಲಿಗೆ ತಾಗುತ್ತಿತ್ತು. ತಣ್ಣಗಿತ್ತು. ದಾಜಿ ದೋಣಿಯನ್ನು ದಂಡೆಯ ಕಡೆ ತಿರುಗಿಸಲು ಕೈ ಹಾಕಿದ. ಹಾಗೆ ತಿರುಗಿ ಹೋಗಿಬಿಟ್ಟಿದ್ದರೆ ಚುಕ್ಕಾಣಿ ನನಗೇ ಬರುತ್ತಿತ್ತೋ ಏನೋ.

"ದಾಜಿ," ಎಂದೆ. "ನೇರ ಹೋಗಬ್ಯಾಡ್ರಿ. ಹೊರಳಿಸಿ ಹೊರಳಿಸಿ ಹೋಗ್ರಿ. ಮೂರೂ ಸಲ ಒಳಬಾಜೂನ ಕಚ್ಚೈತಿ. ಮೀನ ಕೆಳಗ ಐತಿ."

ಅವನು ನನ್ನನ್ನು ನೋಡಿದ. ಹಿಂದಿನ ದಾರಗಳನ್ನು ನೋಡಿದ. ಆಮೇಲೆ ಒಂದು ಮಾತೂ ಕೇಳದೆ ಚುಕ್ಕಾಣಿ ಒತ್ತಿದ, ಮುಂದಿನವರು ಬೊಡ್ಡೆ ಅಂದಾಗ ಹಿಂದಿನವರು ಒತ್ತುವಂತೆ. ಹೊತ್ತು 10:55.

ಎಡಕ್ಕೆ, ಬಲಕ್ಕೆ, ಎಡಕ್ಕೆ. ಐದನೆಯ ಹೊರಳಿಗೆ, 11:10ಕ್ಕೆ, ಎಡಗಡೆಯ ಹಿಂದಿನ ಕೋಲು ನೀರಿಗೆ ಮುಟ್ಟುವಷ್ಟು ಬಾಗಿತು. ಕಾಕಾ ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡ. ಮಶಿನ್ ನಡೆದೇ ಇತ್ತು. ಆ ಕೋಲು ದಾದಿಯ ಪಾಲಿನದು. ಮಾಲಕರು ಕೈ ಚಾಚಿದರು. ದಾದಿ ಎದ್ದು ಕುಳಿತು, "ಬಿಡು, ನಂದದು," ಎಂದರು. ನಾನು ಹಿಂದಿನಿಂದ ಅವರ ಜಾಕೀಟು ಹಿಡಿದೆ, ಕೋಲಿನ ಬುಡವನ್ನು ಅವರ ತೊಡೆಯ ನಡುವಿನ ಚೀಲಕ್ಕೆ ಊರಿದೆ. ಮೀನು ನೂರು ಮಾರು ದಾರ ಒಯ್ದಿತು. ದಾರ ಜಾರುವಾಗ ಸುತ್ತಬಾರದು, ನಿಂತಾಗ ಸುತ್ತಬೇಕು. ನಾನು ಕಿವಿಯಲ್ಲಿ "ಈಗ", "ಬ್ಯಾಡ" ಎನ್ನುತ್ತಿದ್ದೆ. ಹತ್ತೊಂಬತ್ತು ನಿಮಿಷ. ಕೊನೆಗೆ ದಾಜಿ ಕೊಕ್ಕೆ ಹಾಕಿ ಎತ್ತಿದಾಗ ಅದು ದೋಣಿಯ ಅಡ್ಡ ಹಲಗೆಯ ಅರ್ಧಕ್ಕಿಂತ ಉದ್ದವಿತ್ತು. ಕಾಂಟಾದಲ್ಲಿ ಏಳೂವರೆ ಕಿಲೋ.

ದಾದಿ ಬಗ್ಗಿ ಅದರ ತಲೆ ನೋಡಿದರು, ಬಹಳ ಹೊತ್ತು. ಬೆರಳಿನಿಂದ ಅದರ ಹುಬ್ಬಿನ ಮೇಲೆ ಸವರಿದರು. "ನಮ್ಮ ಭಾವನೋರ ಮುಖಾನ ಐತಿ," ಎಂದರು. ಮಾಲಕರು ನಕ್ಕು ನಕ್ಕು ಕುಳಿತುಬಿಟ್ಟರು.

"ನಮ್ಮ ಅಳಿಯಾ ಅಂದ್ರ ಏನ ತಿಳದೀರಿ," ಎಂದ ಕಾಕಾ. ದಾಜಿ ತಡೆದ: "ನಂದೇನಿಲ್ಲ ಮಾವಾ. ಆಕಿ ಹೇಳಿದಳು, ನಾ ತಿರುವಿದೆ." ಆ ಮಾತೂ ನನಗೆ ಸೇರಲಿಲ್ಲ. ಅವನು ನನಗೆ ಕೊಡುತ್ತಿದ್ದಾನೆ, ನಾನು ತೆಗೆದುಕೊಳ್ಳುತ್ತಿದ್ದೇನೆ ಎನಿಸಿತು.

ಎರಡು ಗಂಟೆಗೆ ಬಂದರಿನ ಕಟ್ಟೆಗೆ ದೋಣಿ ಕಟ್ಟಿದೆವು. ಮೂಡಲಗಿಯವರು ಮೀನು ಎತ್ತಿಕೊಂಡು ಮೇಲೆ ಹತ್ತಿದರು. ಕಾಕಾ ಕೂತಲ್ಲೇ ಕೂತಿದ್ದ.

"ಓದು," ಎಂದ.

ಅವನ ಕಣ್ಣು ಪುಟ ನೋಡಲಾರದು. ದಾಜಿಗೆ ಕನ್ನಡದ ಅಕ್ಷರ ಬರುವುದಿಲ್ಲ. 9:40ರ ಸಾಲನ್ನು "ಎಡಗಡೆ ಕಚ್ಚಿತು, ಕಳಚಿತು" ಎಂದಷ್ಟೇ ಓದಿ 11:10ಕ್ಕೆ ಹೋಗಿಬಿಟ್ಟರೆ ಕೇಳುವವರಿಲ್ಲ. 7:50 ಓದಿದೆ. 8:35 ಓದಿದೆ. 9:40ಕ್ಕೆ ಬಂದಾಗ ನನ್ನ ಬೆರಳು ಅಡಿಗೆರೆಯ ಮೇಲಿತ್ತು. ಮೂರು ವರ್ಷದಿಂದ ಆ ವಹಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಓದಿದ್ದೇನೆ. ನನ್ನ ಹತ್ತಿರ ದಾಜಿಗಿಲ್ಲದ ಒಂದೇ ವಸ್ತು ಅದು.

"9:40. ಮೂರೂ ತಿರುವಿನ ಒಳಬದಿ. ಮೀನು ಕೆಳಗಿದೆ," ಎಂದು ಓದಿದೆ. "10:55. ದಾಜಿಗೆ ಹೇಳಿದ್ದು."

ಕಾಕಾ ಬೆರಳು ಮಡಿಚಿ ಎಣಿಸಿದ. "ಒಂದ ತಾಸ ಹದಿನೈದ ನಿಮಿಷ ಏನ ಮಾಡಾಕತ್ತಿದ್ದಿ?"

"ಸುಮ್ನ ಕುಂತಿದ್ದೆ."

"ಯಾಕ?"

ಕೊನೆಯ ಪುಟ ತೆಗೆದು ಗೆರೆಗಳನ್ನು ತೋರಿಸಿದೆ. ಅವು ಅವನಿಗೂ ಕಾಣುವಷ್ಟು ದಪ್ಪ ಇದ್ದವು. ಏನು ಎಣಿಕೆ ಇದು ಎಂದು ಕೇಳಿದ. ಹೇಳಿದೆ.

ದಾಜಿ ಮುಖ ತಿರುಗಿಸಿ ಹಗ್ಗ ಸುತ್ತತೊಡಗಿದ. ಸುತ್ತುತ್ತಲೇ, "ನನ್ನ ಒಂದ ತಾಸ ಬಿಸಲಾಗ ಹುರದಿ ಹೌದಲ್ಲ. ದಾದೀಗ ಮಾತ್ರ ಹೇಳಬ್ಯಾಡ, ಚಪ್ಪಲಿ ತಗೋತಾಳ," ಎಂದ.

ಕಾಕಾ ನಗಲಿಲ್ಲ. "ಅಳಿಯನ ಹೊಗಳಿದ್ದು ನಂದ ಹೆಚ್ಚಾತು. ಅದನ್ನ ಒಪ್ಪತೀನಿ," ಎಂದ. "ಆದರ ಯವ್ವಾ, ದೋಣ್ಯಾಗ ಕಂಡದ್ದನ್ನ ಕಂಡಾಗ ಹೇಳಬೇಕು. ನಾಳಿ ಚುಕ್ಕಾಣಿ ಹಿಡದಿ ಅಂತ ತಿಳಿ. ಮುಂದ ಕುಂತಾವ ನಿನ್ನಂಗ ಬೊಡ್ಡಿ ನೋಡಿ ಸುಮ್ನ ಕುಂತರ?"

ಈ ಹಂಗಾಮಿಗೆ ಚುಕ್ಕಾಣಿ ದಾಜಿಗೆ ಎಂದು ಅಲ್ಲೇ ಹೇಳಿದ. ಮುಂದಿನ ಸಂಕ್ರಾಂತಿಗೆ ಮತ್ತೆ ನೋಡೋಣ ಎಂದ. ನಾನು ಅದನ್ನೂ ಬರೆದುಕೊಂಡೆ. 2:25.

ಈಗ ಫೆಬ್ರವರಿ. ಹಿನ್ನೀರು ಇಳಿದಿದೆ. ದಾಜಿ ಹಿಂದೆ, ನಾನು ಮುಂದೆ, ಕಾಕಾ ದಂಡೆಯಲ್ಲಿ. ಅವನು ಚುಕ್ಕಾಣಿ ಹಿಡಿಯುವುದನ್ನು ನೋಡಿದಾಗ ಹೊಟ್ಟೆ ಈಗಲೂ ಉರಿಯುತ್ತದೆ. ಅವನಿಗೆ ನಮ್ಮ ಬೊಡ್ಡೆಗಳು ಯಾವುವೂ ಗೊತ್ತಿಲ್ಲ, ನಾನು ಹೇಳಿದ್ದನ್ನೇ ನಂಬಿ ತಿರುಗಿಸುತ್ತಾನೆ. ವಹಿಯ ಪುಟದಲ್ಲಿ ಉದ್ದಕ್ಕೆ ಗೆರೆ ಎಳೆದು ಎರಡು ಹೊಸ ಮನೆ ಹಾಕಿದ್ದೇನೆ. ಒಂದು, ಕಂಡ ಹೊತ್ತು. ಇನ್ನೊಂದು, ಹೇಳಿದ ಹೊತ್ತು. ಸಂಜೆ ಎರಡನ್ನೂ ಓದುತ್ತೇನೆ. ಕಾಕಾ ಕಣ್ಣು ಮುಚ್ಚಿ ಕೇಳುತ್ತಾನೆ.

ನಿನ್ನೆ ಹನ್ನೆರಡು ಬೊಡ್ಡೆ. ಹನ್ನೊಂದಕ್ಕೆ ಎರಡೂ ಮನೆಯಲ್ಲಿ ಒಂದೇ ಹೊತ್ತು. ಒಂದಕ್ಕೆ ಮಾತ್ರ ಒಂದು ನಿಮಿಷದ ಅಂತರ. ಆಗ ಕಾಕಾ ದಂಡೆಯಿಂದ ಕೂಗಿ ಯಾರಿಗೋ "ನಮ್ಮ ಅಳಿಯ" ಎನ್ನುತ್ತಿದ್ದ. ಆ ನಿಮಿಷವನ್ನೂ ಓದಿದೆ.